ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಊದಿಸಿ ಶ್ವಾಸಕೋಶದ ಪರೀಕ್ಷೆ ಮಾಡಿ, ಎಐ ಅದನ್ನು ಓದಿ ಕಾಯಿಲೆ ಹೇಳಿದರೆ ನಂಬಬಹುದಾ?

ವೈದ್ಯರ ಜೊತೆಗೆ ಸಹಾಯಕನಾಗಿ ಇದ್ದರೆ ನಂಬಬಹುದು. ಅದಕ್ಕೆ ಮೊದಲು ಊದಿದ್ದು ಸರಿಯಾಗಿರಬೇಕು.

ಈ ಪರೀಕ್ಷೆಯ ಹೆಸರು ಸ್ಪೈರೋಮೆಟ್ರಿ. ಎದೆ ತುಂಬ ಉಸಿರೆಳೆದು, ಪೂರ್ತಿ ಖಾಲಿಯಾಗುವವರೆಗೆ ಜೋರಾಗಿ ಊದಬೇಕು. ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೇ ಎಷ್ಟು ಹೊರಬಂತು ಎಂದು ನೋಡುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಅದು ಶೇ. 70ಕ್ಕಿಂತ ಕಡಿಮೆ ಇದ್ದು, ಕೆಮ್ಮು, ಏದುಸಿರೂ ಇದ್ದರೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ) ಇರುವ ಸಾಧ್ಯತೆ ಜಾಸ್ತಿ.

ಯಂತ್ರ ಚಿಕ್ಕದು, ಎಲ್ಲಿಗಾದರೂ ಒಯ್ಯಬಹುದು. ಕಷ್ಟ ಇರುವುದು ಓದುವುದರಲ್ಲಿ. 2019ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ 120 ಶ್ವಾಸಕೋಶ ತಜ್ಞರು 50 ರೋಗಿಗಳ ವರದಿ ನೋಡಿದರು. ಸರಿಯಾದ ಕಾಯಿಲೆ ಗುರುತಿಸಿದ್ದು ಸರಾಸರಿ ಶೇ. 45ರಷ್ಟು ಸಲ. ಎಐ ಶೇ. 82. ಆದರೆ ಅವು ಆಸ್ಪತ್ರೆಯಲ್ಲಿ ಮಾಡಿದ ಪೂರ್ಣ ಪರೀಕ್ಷೆಗಳು, ಬರೀ ಸ್ಪೈರೋಮೆಟ್ರಿ ಅಲ್ಲ. ಹಾಗಾಗಿ ಆ ಅಂಕಿಯನ್ನು ಹಾಗೇ ಊರಿನ ಕೇಂದ್ರಕ್ಕೆ ಅನ್ವಯಿಸುವುದು ತಪ್ಪು.

ಅರ್ಧಕ್ಕೆ ಕೆಮ್ಮಿದರೆ, ಬೇಗ ನಿಲ್ಲಿಸಿದರೆ ಲೆಕ್ಕವೇ ಕೆಡುತ್ತದೆ. ಅದಕ್ಕೇ ಊದಿಸುವವರಿಗೆ ತರಬೇತಿ ಬೇಕೇ ಬೇಕು. ಇನ್ನೊಂದು ಮಾತು: ಬೀಡಿ, ಸಿಗರೇಟು ಮುಟ್ಟದಿದ್ದರೂ ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದವರಿಗೂ ಸಿಒಪಿಡಿ ಬರುತ್ತದೆ. ಇದನ್ನು ವೈದ್ಯರಿಗೆ ಮರೆಯದೆ ಹೇಳಿ. ಊದಿದ ಗಾಳಿಯ ಲೆಕ್ಕದಲ್ಲಿ ಹೊಗೆ ಕುಡಿದ ವಿಷಯ ಕಾಣುವುದಿಲ್ಲ.