ಓದುಗರ ಪ್ರಶ್ನೆ: ದ್ರಾವಣಕ್ಕೆ ಸೆಕೆಂಡಿಗೆ ಎಷ್ಟು ಫೋಟಾನ್?

ಪ್ರಶ್ನೆ: 365 ನ್ಯಾನೋಮೀಟರ್ ಎಲ್‌ಇಡಿ ಬಳಸಿ ಒಂದು ಕ್ರಿಯೆಯ ಕ್ವಾಂಟಮ್ ಇಳುವರಿ (ಹೀರಿದ ಪ್ರತಿ ಫೋಟಾನಿಗೆ ಎಷ್ಟು ಅಣು ಬದಲಾಗುತ್ತವೆ ಎಂಬುದು) ಕಂಡುಹಿಡಿಯಬೇಕಿದೆ. ಎಲ್‌ಇಡಿಯ ಮಿಲಿವ್ಯಾಟ್‌ನಿಂದಲೇ ಫೋಟಾನ್ ಲೆಕ್ಕ ಹಾಕಬಹುದೇ?

ಉತ್ತರ: ಬೇಡ. ದೀಪದಿಂದ ಹೊರಟ ಬೆಳಕೆಲ್ಲ ದ್ರಾವಣ ಸೇರುವುದಿಲ್ಲ. ಸ್ವಲ್ಪ ಚದುರುತ್ತದೆ, ಸ್ವಲ್ಪ ಕ್ಯುವೆಟ್‌ನ (ದ್ರಾವಣ ಹಿಡಿಯುವ ಪುಟ್ಟ ಪಾರದರ್ಶಕ ಪಾತ್ರೆಯ) ಮೈಗೆ ತಾಗಿ ಹಿಂದಿರುಗುತ್ತದೆ. ಅದೇ ಕ್ಯುವೆಟ್, ಅದೇ ಜಾಗ, ಅಷ್ಟೇ ದ್ರಾವಣ ಇಟ್ಟುಕೊಂಡು ರಾಸಾಯನಿಕವಾಗಿ ಅಳೆಯುವುದೇ ಸರಿ. 1956ರಲ್ಲಿ ಹ್ಯಾಚರ್ಡ್ ಮತ್ತು ಪಾರ್ಕರ್ ಪ್ರಕಟಿಸಿದ ಫೆರಿಯಾಕ್ಸಲೇಟ್ ವಿಧಾನ ಇಂದಿಗೂ ನಂಬಿಕೆಗೆ ಅರ್ಹ. ಬೆಳಕು ಬಿದ್ದಾಗ ಇದರ ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ, ಆ ಫೆರಸ್ ಅಳೆದು ಫೋಟಾನ್ ಲೆಕ್ಕ ಹಾಕುತ್ತೇವೆ.

ಪೊಟ್ಯಾಶಿಯಂ ಫೆರಿಯಾಕ್ಸಲೇಟ್‌ನ ಹಸಿರು ಹರಳು (ಮೂರು ನೀರಿನ ಅಣುಗಳಿರುವುದು) 2.95 ಗ್ರಾಂ ತೂಗಿ 800 ಮಿ.ಲೀ. ನೀರಿನಲ್ಲಿ ಕರಗಿಸಿ. 0.5 ಮೋಲಾರ್ ಗಂಧಕಾಮ್ಲ 100 ಮಿ.ಲೀ. ಸೇರಿಸಿ ಒಂದು ಲೀಟರಿಗೆ ತುಂಬಿಸಿ. ಇದು 0.006 ಮೋಲಾರ್. ಕೆಲಸವೆಲ್ಲ ಕೆಂಪು ದೀಪದಲ್ಲೇ ನಡೆಯಲಿ. ಕೋಣೆಯ ಬೆಳಕು ಕೂಡ ಕಬ್ಬಿಣವನ್ನು ಅಪಕರ್ಷಿಸುತ್ತದೆ.

ಎಲ್‌ಇಡಿ ಸ್ಥಿರವಾದ ಮೇಲೆ 3 ಮಿ.ಲೀ. ದ್ರಾವಣವನ್ನು ಕಲಕುತ್ತ 60 ಸೆಕೆಂಡು ಬೆಳಕಿಗೆ ಒಡ್ಡಿ. ಅದರಿಂದ 1 ಮಿ.ಲೀ. ತೆಗೆದು, ಶೇಕಡ 0.1ರ ಫಿನಾಂತ್ರೋಲಿನ್ (ಫೆರಸ್ ಜೊತೆ ಕೆಂಪು ಸಂಕೀರ್ಣ ಕಟ್ಟುವ ವಸ್ತು) 1 ಮಿ.ಲೀ. ಮತ್ತು ಅಸಿಟೇಟ್ ಬಫರ್ ಅರ್ಧ ಮಿ.ಲೀ. ಹಾಕಿ 10 ಮಿ.ಲೀ.ಗೆ ತುಂಬಿಸಿ, ಕತ್ತಲಲ್ಲಿ ಒಂದು ಗಂಟೆ ಬಿಡಿ. ಬೆಳಕು ಕಾಣದ ದ್ರಾವಣಕ್ಕೂ ಇದನ್ನೆಲ್ಲ ಮಾಡಿ ಹೋಲಿಕೆಗೆ ಬ್ಲಾಂಕ್ ಆಗಿ ಇಟ್ಟುಕೊಳ್ಳಿ. 510 ನ್ಯಾನೋಮೀಟರ್‌ನಲ್ಲಿ ಎರಡರ ಹೀರಿಕೆಯ ವ್ಯತ್ಯಾಸ ನೋಡಿ.

ವ್ಯತ್ಯಾಸ 0.555 ಬಂತೆನ್ನಿ. ಕೆಂಪು ಸಂಕೀರ್ಣದ ಮೋಲಾರ್ ಹೀರಿಕೆ 11,100. 1 ಸೆಂ.ಮೀ. ಕ್ಯುವೆಟ್‌ನಲ್ಲಿ ಭಾಗಿಸಿದರೆ 10 ಮಿ.ಲೀ.ಯಲ್ಲಿ 0.5 ಮೈಕ್ರೋಮೋಲ್ ಫೆರಸ್ ಅಯಾನು ಸಿಗುತ್ತದೆ. ಇದು 1 ಮಿ.ಲೀ.ಯದ್ದು ಮಾತ್ರ, ಪೂರ್ತಿ 3 ಮಿ.ಲೀ.ಗೆ 1.5 ಮೈಕ್ರೋಮೋಲ್, ಸೆಕೆಂಡಿಗೆ 25 ನ್ಯಾನೋಮೋಲ್. 365ರಲ್ಲಿ ಫೆರಿಯಾಕ್ಸಲೇಟ್‌ನ ಕ್ವಾಂಟಮ್ ಇಳುವರಿ 1.21. ಹಾಗಾಗಿ ಸೆಕೆಂಡಿಗೆ 20.7 ನ್ಯಾನೋಮೋಲ್, ಅಂದರೆ ಸುಮಾರು 1.24×10¹⁶ ಫೋಟಾನ್. ಮೂರರಿಂದ ಗುಣಿಸುವುದನ್ನು ಮರೆಯುವವರು ಬಹಳ.

ಇಳುವರಿ ಒಂದನ್ನು ಮೀರಿದ್ದು ಕಂಡು ಗಾಬರಿಯಾಗಬೇಡಿ. ಫೋಟಾನ್ ಒಡೆದ ಅಣುವಿನಿಂದ ಹುಟ್ಟುವ ಆಕ್ಸಲೇಟ್ ರ‍್ಯಾಡಿಕಲ್ ಇನ್ನೊಂದು ಫೆರಿಕ್ ಅಯಾನನ್ನೂ ಅಪಕರ್ಷಿಸಬಲ್ಲದು.

ಮೇಲಿನ ಲೆಕ್ಕದಲ್ಲಿ ಶೇಕಡ 8ರಷ್ಟು ಫೆರಿಯಾಕ್ಸಲೇಟ್ ಖರ್ಚಾಗಿದೆ. ಶೇಕಡ 10 ದಾಟಲು ಬಿಡಬೇಡಿ. ದಾಟಿದರೆ ಇಳುವರಿ ಕುಸಿದು, ಫೋಟಾನ್ ಇದ್ದದ್ದಕ್ಕಿಂತ ಕಡಿಮೆ ತೋರುತ್ತದೆ. 20, 40, 60 ಸೆಕೆಂಡಿನ ಅಳತೆ ನೇರ ಗೆರೆಯಲ್ಲಿ ಬಂದರೆ ನಿಶ್ಚಿಂತೆ. ಗೆರೆ ಬಾಗಿದರೆ ಅವಧಿ ಇಳಿಸಿ. ಶೂನ್ಯದ ಮೂಲಕ ಹಾಯದಿದ್ದರೆ ಬ್ಲಾಂಕ್‌ಗೆ ಎಲ್ಲೋ ಬೆಳಕು ಬಿದ್ದಿರಬಹುದು.

ಪ್ರಶ್ನೆ: 436ರ ನೀಲಿ ಬೆಳಕಿಗೂ ಇದೇ ದ್ರಾವಣ ಸಾಕೇ?

ಉತ್ತರ: 365ರಲ್ಲಿ ಈ ದ್ರಾವಣ 1 ಸೆಂ.ಮೀ.ಯಲ್ಲಿ ಬಹುತೇಕ ಬೆಳಕನ್ನೆಲ್ಲ ಹೀರುತ್ತದೆ, 436ರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಹಾದುಹೋಗುತ್ತದೆ. ಅಲ್ಲಿ 0.15 ಮೋಲಾರ್ ದ್ರಾವಣ ಬಳಸಿ, ಇಳುವರಿಗೆ 1.21 ಬದಲು 1.01 ಹಿಡಿಯಿರಿ.