'ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ'

ಗಡಿಬಿಡಿಯ ಬದುಕಿನಲ್ಲಿ ಮರೆಯಬಾರದ ಸಂಗತಿಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಶಿವಮೊಗ್ಗ ಸೀಮೆಯವು. ತೊಂದರೆ ಬೇರೆ ಬೇರೆ, ಆದರೆ ಎಲ್ಲದರಲ್ಲೂ ಒಂದೇ ಮಾತು: ಈ ಕೊಯ್ಲು ಮುಗಿಯಲಿ, ಈ ಮಳೆಗಾಲ ಕಳೆಯಲಿ, ಮಕ್ಕಳ ಪರೀಕ್ಷೆ ಆಗಲಿ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ತೋಟದ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ನಾವಿಬ್ಬರು ಅಣ್ಣ ತಮ್ಮ, ಒಬ್ಬಳು ತಂಗಿ, ಅವಳಿಗೆ ಮದುವೆಯಾಗಿದೆ. ನಮ್ಮಲ್ಲಿ ಜಗಳವೇನೂ ಇಲ್ಲ. ಪ್ರತಿ ವರ್ಷ ಕೊಯ್ಲಾದ ಮೇಲೆ ಮಾಡಿಸೋಣ ಅಂತ ಹಾಗೇ ಉಳಿದುಬಿಟ್ಟಿದೆ. ಇದು ಅಷ್ಟು ತುರ್ತಿನ ಕೆಲಸವೇ?
— ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ತುರ್ತಿನದೇ. ಜಗಳವಿಲ್ಲ ಎಂದಿರಲ್ಲ, ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಫೌತಿ ಖಾತೆ ಮಾಡಿಸಲು ಅದೇ ಸರಿಯಾದ ಕಾಲ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಯಾರೂ ಪುರುಸೊತ್ತಾದಾಗ ಎಂದು ಬಿಡುವುದಿಲ್ಲ. ಬಿಟ್ಟರೆ ಕೊಳೆ ರೋಗ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಕಾಗದಪತ್ರದ ಕೊಳೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಇವತ್ತು ನೀವು ಮೂವರು ಮತ್ತು ಅಮ್ಮ ಇದ್ದರೆ ಅವರು ಸೇರಿ ಮುಗಿಯುವ ಕೆಲಸ, ಇನ್ನೊಂದು ತಲೆಮಾರು ದಾಟಿದರೆ ಹತ್ತು ಹನ್ನೆರಡು ಜನರ ಸಹಿ ಕೇಳುತ್ತದೆ. ಅವರಲ್ಲಿ ಒಬ್ಬರು ಬೆಂಗಳೂರಲ್ಲಿ, ಒಬ್ಬರು ಪರದೇಶದಲ್ಲಿ, ಒಬ್ಬರು ಮಾತು ಬಿಟ್ಟವರು. ಅಷ್ಟರೊಳಗೆ ಬೆಳೆ ಸಾಲ, ಬೆಳೆ ವಿಮೆ, ಬೆಳೆ ಹಾನಿ ಪರಿಹಾರ ಯಾವುದಕ್ಕೆ ಹೋದರೂ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದೇ ಮೊದಲ ಪ್ರಶ್ನೆ.

ಬೇಕಾಗುವುದು ಇಷ್ಟು: ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಇತ್ತೀಚಿನ ಪಹಣಿ, ಎಲ್ಲ ವಾರಸುದಾರರ ಆಧಾರ್. ವಂಶವೃಕ್ಷಕ್ಕೆ ನೋಟರಿ ಮಾಡಿಸಿದ ಅಫಿಡವಿಟ್ ಜೊತೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ ವಿಚಾರಿಸಿ ವರದಿ ಕೊಡುತ್ತಾರೆ. ಅದು ಕೈಗೆ ಬಂದ ಮೇಲೆ ಖಾತೆ ಬದಲಾವಣೆಯ ಅರ್ಜಿ. ತಕರಾರು ಇದ್ದವರು ಹೇಳಲಿ ಎಂದು ನೋಟಿಸ್ ಹೊರಡುತ್ತದೆ. ಯಾರೂ ಬರದಿದ್ದರೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ ಆಗುತ್ತದೆ. ಅಷ್ಟಕ್ಕೇ ಬಿಡದೆ ಹೊಸ ಪಹಣಿ ತೆಗೆಸಿ 9ನೇ ಕಾಲಂ ನೋಡಿ. ಎಲ್ಲರ ಹೆಸರು, ಅಕ್ಷರ, ವಿಸ್ತೀರ್ಣ ಸರಿಯಿದೆಯೇ ಎಂದು ಅಲ್ಲೇ ನಿಂತು ಓದಿ.

ಹೆಚ್ಚಿನವರ ಅರ್ಜಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಪಹಣಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನಿಷಿಯಲ್ ಸೇರಿ ಇನ್ನೊಂದು ಬಗೆ, ಮರಣ ಪ್ರಮಾಣಪತ್ರದಲ್ಲಿ ಕರೆಯುವ ಹೆಸರು. ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಅರ್ಜಿ ಹಾಕುವ ಮೊದಲೇ ತಿದ್ದಿಸಿ, ನಡುವೆ ಸಿಕ್ಕಿಕೊಂಡರೆ ತಿಂಗಳುಗಟ್ಟಲೆ ಅಲೆದಾಟ.

ಇನ್ನು ತಂಗಿಯ ಮಾತು. 'ಮದುವೆಯಾಗಿದೆ' ಎಂದು ಬರೆದದ್ದು ಅವಳ ಹೆಸರು ಬಿಡಬಹುದೇ ಎಂದು ಕೇಳುವುದಕ್ಕಾಗಿದ್ದರೆ, ದಯವಿಟ್ಟು ಬಿಡಬೇಡಿ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಮದುವೆಯಾದ ಮಗಳೂ ನಿಮ್ಮಷ್ಟೇ ಹಕ್ಕಿನ ವಾರಸುದಾರಳು. ಪಿತ್ರಾರ್ಜಿತದಲ್ಲೂ 2005ರ ತಿದ್ದುಪಡಿ ಮಗಳನ್ನು ಮಗನ ಸಮಕ್ಕೆ ತಂದಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಅವಳನ್ನು ಬಿಟ್ಟು ಮಾಡಿಸಿದ ವಂಶವೃಕ್ಷ ಸುಳ್ಳು ದಾಖಲೆ. ಅವಳೇ ಮನಸ್ಸಾರೆ ಬೇಡವೆಂದರೆ ಅದಕ್ಕೆ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರವಿದೆ, ಆ ದಾರಿಯಲ್ಲಿ ಹೋಗಿ. ಕೇಳಲೂ ಕೇಳದೆ ಹೆಸರು ಬಿಟ್ಟರೆ ಕಾಗದಕ್ಕಿಂತ ಮೊದಲು ಕೆಡುವುದು ತವರಿನ ಸಂಬಂಧ.

ಫೌತಿ ಖಾತೆಯಿಂದ ತೋಟ ಪಾಲಾಗುವುದಿಲ್ಲ, ಜಂಟಿ ಹೆಸರು ಬರುತ್ತದೆ. ಪಾಲು ಬೇಕೆಂದಾಗ ವಿಭಾಗ ಪತ್ರ ಬೇರೆ. ಮೊದಲ ಕೊಯ್ಲಿಗೂ ಎರಡನೇ ಕೊಯ್ಲಿಗೂ ನಡುವೆ ನಾಲ್ಕಾರು ದಿನ ಕೈ ಬಿಡುವಾಗುತ್ತದೆಯಲ್ಲ, ಅದರಲ್ಲಿ ಒಂದು ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ತಂಗಿಗೂ ಆ ದಿನ ತಿಳಿಸಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಅಮ್ಮ ಹೊಸನಗರದ ಕಡೆ ಹಳ್ಳಿ ಮನೆಯಲ್ಲಿ ಒಬ್ಬರೇ. 72 ವರ್ಷ, ಬಿಪಿ ಮಾತ್ರೆ ತಗೊಳ್ಳುತ್ತಾರೆ. ಪೇಟೆಗೆ ಬಾ ಅಂದರೆ ಒಪ್ಪುವುದಿಲ್ಲ. ದಿನಾ ಫೋನ್ ಮಾಡಿದರೂ 'ಊಟ ಆಯ್ತಾ, ಹುಷಾರಾ' ಅಲ್ಲಿಗೆ ಮುಗಿಯುತ್ತದೆ. ತಿಂಗಳಿಗೊಮ್ಮೆ ಹೋಗಿಬರುತ್ತೇನೆ. ಇನ್ನೇನು ಮಾಡಬೇಕು?
— ಶಿವಮೊಗ್ಗ, ವಿನೋಬನಗರದ ಓದುಗರು

ಉತ್ತರ: ಮುಂದಿನ ಸಲ ಹೋದಾಗ ಮೊದಲು ಬಚ್ಚಲಿನ ದಾರಿ ನೋಡಿ. ವಯಸ್ಸಾದವರನ್ನು ಹಾಸಿಗೆ ಹಿಡಿಸುವುದು ಎಷ್ಟೋ ಸಲ ಒಂದು ಜಾರಿಕೆ. ನಮ್ಮ ಕಡೆ ಹಳೆ ಮನೆಗಳಲ್ಲಿ ಬಚ್ಚಲುಮನೆ ಹಿತ್ತಿಲಿಗೆ ಹೊಂದಿಕೊಂಡಿರುತ್ತದೆ. ಆಷಾಢ ಬರುವಷ್ಟರಲ್ಲಿ ಆ ಹಾಸುಗಲ್ಲಿನ ಮೇಲೆ ಹಸಿರು ಪಾಚಿ. ತೆಂಗಿನ ಕಡ್ಡಿ ಪೊರಕೆಯಿಂದ ಒಮ್ಮೆ ಕೆರೆದು, ಕಲ್ಲು ಒದ್ದೆ ಮಾಡಿ, ಬ್ಲೀಚಿಂಗ್ ಪೌಡರ್ ಉದುರಿಸಿ, 15-20 ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ಡನ್ನು ಇದರ ಜೊತೆ ಮಾತ್ರ ಬೆರೆಸಬೇಡಿ, ಉಸಿರು ಕಟ್ಟಿಸುವ ವಿಷದ ಗಾಳಿ ಏಳುತ್ತದೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಮಳೆಗಾಲದಲ್ಲಿ ಹೋದಾಗಲೆಲ್ಲ ಒಂದು ಸಲ. ಬಚ್ಚಲಿನ ಬಾಗಿಲ ಪಕ್ಕ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಪೈಪು ಹಿಡಿಕೆ ಹಾಕಿಸಿ. ದಿಂಬಿನ ಬಳಿ ಟಾರ್ಚ್ ಇರಲಿ, ಮಳೆಗಾಲದ ಕರೆಂಟನ್ನು ನಂಬುವಂತಿಲ್ಲ.

ಬಿಪಿ ಮಾತ್ರೆ ತಗೊಳ್ಳುವವರು ಮಲಗಿದ್ದಲ್ಲಿಂದ ಒಮ್ಮೆಲೇ ಎದ್ದರೆ ತಲೆಗೆ ರಕ್ತ ಕಡಿಮೆಯಾಗಿ ಕಣ್ಣು ಕತ್ತಲೆ ಕಟ್ಟಬಹುದು. ರಾತ್ರಿ ಏಳುವಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲಲು ಹೇಳಿ. ತಲೆಸುತ್ತು ಪದೇಪದೇ ಆದರೆ ಡಾಕ್ಟರಿಗೆ ತಿಳಿಸಿ, ತಾವಾಗಿ ಮಾತ್ರೆ ನಿಲ್ಲಿಸಬಾರದು.

ಮಾತ್ರೆ ತಗೊಂಡ್ರಾ ಎಂದು ಕೇಳಿದರೆ ಯಾವ ಅಮ್ಮನೂ ಇಲ್ಲ ಅನ್ನುವುದಿಲ್ಲ. ಎಣಿಸಿ ನೋಡಿ. 30 ದಿನಕ್ಕೆ 30 ಕೊಟ್ಟು ಬಂದಿದ್ದು, ತಿಂಗಳು ತುಂಬಿದ ದಿನ 9 ಉಳಿದಿದ್ದರೆ ಒಂಬತ್ತು ದಿನ ತಪ್ಪಿದೆ. ಮೆಡಿಕಲ್ ಶಾಪಿನಲ್ಲಿ ಏಳು ಮನೆಯ ವಾರದ ಡಬ್ಬಿ ಸಿಗುತ್ತದೆ, ನಾಲ್ಕು ಕೊಂಡು ತುಂಬಿಟ್ಟು ಬಂದರೆ ತಿಂಗಳ ಚಿಂತೆ ಬಹುಪಾಲು ಕಳೆಯಿತು. ಹಳೆಯ ಸ್ಟ್ರಿಪ್‌ಗಳನ್ನು ಮನೆಯಲ್ಲಿ ಬಿಡಬೇಡಿ. ಒಂದೇ ಔಷಧ ಎರಡು ಕಂಪನಿಯ ಹೆಸರಲ್ಲಿದ್ದು, ಎರಡನ್ನೂ ನುಂಗುವುದುಂಟು.

ಫೋನಿನ ಮಾತು ಬತ್ತುವುದು ಪ್ರೀತಿ ಇಲ್ಲದ್ದಕ್ಕಲ್ಲ, ಪ್ರಶ್ನೆ 'ಹೂಂ' ಅಂದರೆ ಮುಗಿಯುವಂಥದ್ದು ಆಗಿರುವುದಕ್ಕೆ. ಊಟ ಆಯ್ತಾ ಬದಲು 'ಇವತ್ತು ಏನು ತಂಬುಳಿ ಮಾಡಿದ್ರಿ, ಸೊಪ್ಪು ಎಲ್ಲಿ ಸಿಕ್ಕಿತು' ಎಂದು ಕೇಳಿ. ಅವರಿಗೆ ಗೊತ್ತಿದ್ದು ನಿಮಗೆ ಗೊತ್ತಿಲ್ಲದ್ದನ್ನು ಕೇಳಿ. ಮಿಡಿ ಉಪ್ಪಿನಕಾಯಿ ಹಾಕುವ ದಿನ ರಜೆ ಹಾಕಿ, ಅಡುಗೆಮನೆಯ ಸಣ್ಣ ತೂಕದ ಯಂತ್ರ ಒಯ್ಯಿರಿ. 'ಎರಡು ಹಿಡಿ ಉಪ್ಪು' ಅನ್ನುವುದು ಅವರ ಹಿಡಿ, ನಿಮ್ಮದಲ್ಲ. ಅವರು ಹಿಡಿ ತುಂಬಿದ್ದನ್ನು ಬಟ್ಟಲಿಗೆ ಹಾಕಿಸಿಕೊಂಡು ತೂಗಿ, ಗ್ರಾಮಿನಲ್ಲಿ ಬರೆದುಕೊಳ್ಳಿ. ಎಷ್ಟು ಮಿಡಿಗೆ, ಎಷ್ಟು ದಿನ ಉಪ್ಪಿನಲ್ಲಿ, ಸಾಸಿವೆ ಹುರಿದದ್ದೋ ಹಸಿಯದೋ, ಮಿಡಿ ಎಷ್ಟು ಮುರುಟಿದಾಗ ಖಾರ ಬೆರೆಸಿದರು, ಎಲ್ಲವನ್ನೂ. ಮುಂದೊಂದು ದಿನ ಈ ರುಚಿ ಬೇಕೆಂದಾಗ ಹೇಳುವವರು ಇರುವುದಿಲ್ಲ. ಇದನ್ನು ಬರೆಯುವುದು ನಮಗೂ ಸುಲಭವಲ್ಲ, ಆದರೂ ಬರೆಯಲೇಬೇಕು.

ಪ್ರಶ್ನೆ: ಕೊಯ್ಲಿನ ಕಾಲದಲ್ಲಿ ಜ್ವರ ಬಂದರೂ ನಮ್ಮ ಮನೆಯವರು ಅಂಗಡಿಯಿಂದ ಮಾತ್ರೆ ತಂದು ನುಂಗಿ ಕೆಲಸಕ್ಕೆ ಹೋಗಿಬಿಡುತ್ತಾರೆ. ಎಷ್ಟು ದಿನ ಕಾದು ನೋಡಬಹುದು?
— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಕಾಡಿಗೆ, ಸೊಪ್ಪಿನಬೆಟ್ಟಕ್ಕೆ, ದರಕು (ಒಣ ಎಲೆ) ತರಲು ಹೋದವರಿಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಈಗಲೂ ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಅಡಿಕೆ ಕೊಯ್ಲಿನ ಭರಾಟೆಯೂ ಅದೇ ಹೊತ್ತಿಗೆ. ಇದನ್ನು ಹರಡುವ ಉಣುಗು (ಉಣ್ಣೆ) ಕಚ್ಚಿ ಸಾಮಾನ್ಯವಾಗಿ 3ರಿಂದ 8 ದಿನಕ್ಕೆ ಒಮ್ಮೆಲೇ ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು. ಉಣುಗಿನ ಮರಿ ಎಳ್ಳುಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗದಿರಬಹುದು. ಆದ್ದರಿಂದ ಕಚ್ಚಿಲ್ಲ ಎಂಬ ಮಾತನ್ನು ನಂಬಿ ಕೂರಬೇಡಿ.

ಅಂಗಡಿಯ ಮಾತ್ರೆಯಲ್ಲಿ ಅಪಾಯವಿರುವುದು ಇಲ್ಲಿ. ಪ್ಯಾರಾಸಿಟಮಾಲ್ ಸರಿ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಯೋ ಇಂಜೆಕ್ಷನ್ನೋ ತಗೊಂಡರೆ, ರಕ್ತಸ್ರಾವ ತರಬಲ್ಲ ಈ ಕಾಯಿಲೆಯಲ್ಲಿ ಅಪಾಯ ಹೆಚ್ಚುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಾಡಿಗೆ ಹೋಗಿದ್ದನ್ನು ಕೇಳುವ ಮುಂಚೆಯೇ ಹೇಳಿ, ಆಗ ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ಒಸಡು, ಮೂಗಿನಲ್ಲಿ ರಕ್ತ, ಮಂಪರು ಕಂಡರೆ 108. ಇನ್ನೊಂದು: ಈ ಜ್ವರ ಬಿಟ್ಟ ಮೇಲೆ ಒಂದೆರಡು ವಾರಕ್ಕೆ ಕೆಲವರಿಗೆ ಮತ್ತೆ ಮರಳುತ್ತದೆ. ಜ್ವರ ಇಳಿದ ಮರುದಿನವೇ ಕೊಯ್ಲಿನ ದೋಟಿ ಹಿಡಿಯಬಾರದು.

ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸೋಪಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ.

ಮಳೆಗಾಲದಲ್ಲಿ ಗದ್ದೆ ಕೆಸರಿಗೆ ಇಳಿದವರ ಜ್ವರ ಇಲಿ ಜ್ವರವೂ ಆಗಿರಬಹುದು. ಬೇಗ ಹೋದರೆ ಮಾತ್ರೆಯಲ್ಲೇ ವಾಸಿಯಾಗುವಂಥದ್ದು.

ಪ್ರಶ್ನೆ: ಚಿಕ್ಕಪ್ಪನ ಮಗನಿಗೆ 40 ಸಾವಿರ ಕೈಗಡ ಕೊಟ್ಟಿದ್ದೆ, ನಗದು, ಬರಹವಿಲ್ಲ. ಮಂಡಿಯಿಂದ ದುಡ್ಡು ಬಂದ ಮೇಲೆ ಅಂತ ಹೇಳಿ ಎರಡು ವರ್ಷವಾಯಿತು. ಕೇಳಲು ಮುಜುಗರ.
— ಸೊರಬದ ಓದುಗರು

ಉತ್ತರ: ಇನ್ನೊಂದು ವರ್ಷ ಮುಜುಗರಪಟ್ಟರೆ ಕಾನೂನೂ ಕೈಬಿಡುತ್ತದೆ. ವಾಪಸಿಗೆ ದಿನ ಗೊತ್ತುಮಾಡದ ಸಾಲಕ್ಕೆ ಕೊಟ್ಟ ದಿನದಿಂದ ಸಾಮಾನ್ಯವಾಗಿ 3 ವರ್ಷದೊಳಗೆ ದಾವೆ ಹೂಡಬೇಕು. ಆ ಅವಧಿ ಮುಗಿಯುವ ಮುಂಚೆ ಅವರು ಸಾಲ ಒಪ್ಪಿಕೊಂಡು ಸಹಿ ಮಾಡಿಕೊಟ್ಟರೆ ಅಲ್ಲಿಂದ ಮತ್ತೆ 3 ವರ್ಷ. ಕೋರ್ಟಿಗೆ ಹೋಗಿ ಎಂದು ಹೇಳುತ್ತಿಲ್ಲ. ಬರಹವಿದ್ದರೆ ಸಂಬಂಧ ಉಳಿಯುತ್ತದೆ, ಏಕೆಂದರೆ ಯಾರು ಎಷ್ಟು ಎಂದು ನೆನಪಿನ ಮೇಲೆ ವಾದಿಸಬೇಕಾಗುವುದಿಲ್ಲ.

ಮನೆಯವರೆಲ್ಲರ ಎದುರು ಕೇಳಬೇಡಿ. ಒಬ್ಬರೇ ಸಿಕ್ಕಾಗ ಹೀಗೆ ಹೇಳಿ: 'ತಮ್ಮಾ, ಒಟ್ಟಿಗೆ ಆಗದಿದ್ದರೆ ತಿಂಗಳಿಗೆ 4 ಸಾವಿರದಂತೆ ಹತ್ತು ತಿಂಗಳು ಹಾಕು. ಯಾವ ತಿಂಗಳಿಂದ ಶುರು ಮಾಡ್ತೀಯ?' ಆಗ ಮಾತು ಕೊಡುತ್ತೀಯೋ ಇಲ್ಲವೋ ಎಂಬಲ್ಲಿಂದ ಯಾವಾಗ ಎಂಬಲ್ಲಿಗೆ ಬರುತ್ತದೆ. ಕಂತು ಬ್ಯಾಂಕ್ ಖಾತೆಗೇ ಬರಲಿ. ಮುಂದೆ ಕೊಡುವಾಗಲೂ ಅಷ್ಟೇ. 20,000 ರೂ. ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ಇಬ್ಬರದೂ ಕೃಷಿ ಆದಾಯವೇ ಆಗಿದ್ದು, ಇಬ್ಬರಿಗೂ ತೆರಿಗೆ ಬೀಳುವ ಬೇರೆ ಆದಾಯವಿಲ್ಲದಿದ್ದರೆ ಮಾತ್ರ ವಿನಾಯಿತಿ.

ಪ್ರಶ್ನೆ: ಮೇ ತಿಂಗಳಲ್ಲಿ ಒಂದೇ ದಿನ ಮೂರು ಮನೆಯ ಮದುವೆ. ಯಾರಿಗೂ ಇಲ್ಲ ಅನ್ನಲಾಗುವುದಿಲ್ಲ. ಏನು ಮಾಡುವುದು?
— ಭದ್ರಾವತಿಯ ಓದುಗರು

ಉತ್ತರ: ಕರೆಯಲು ಬಂದವರಿಗೆ 'ನೋಡೋಣ' ಅನ್ನಬೇಡಿ, ಅವರು ಎಲೆ ಲೆಕ್ಕ ಹಾಕುವವರು. 'ಆ ದಿನ ಆಗುವುದಿಲ್ಲ, ಹಿಂದಿನ ರಾತ್ರಿ ತರಕಾರಿ ಹೆಚ್ಚಲು ಬರುತ್ತೇವೆ' ಎಂದು ಹೇಳಿ, ಹಾಗೆಯೇ ಹೋಗಿ. ಮುಹೂರ್ತದ ನೂಕುನುಗ್ಗಲಿನಲ್ಲಿ ಅಕ್ಷತೆ ಹಾಕಿ ಓಡಿದವರಿಗಿಂತ ಮಣೆ ಮೇಲೆ ಕೂತು ಎರಡು ತಾಸು ಬೀನ್ಸ್ ಹೆಚ್ಚಿದವರು ಆ ಮನೆಯವರ ನೆನಪಿನಲ್ಲಿ ಉಳಿಯುತ್ತಾರೆ.

ಸಾವಿನ ಮನೆಯ ವಿಷಯ ಬೇರೆ. ಅಲ್ಲಿಗೆ ಎಷ್ಟೇ ಕೆಲಸವಿದ್ದರೂ ಹೋಗಬೇಕು, ಸಾಧ್ಯವಾದರೆ ಎರಡು ಸಲ. ವೈಕುಂಠ ಸಮಾರಾಧನೆ ಮುಗಿದು, ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಹೊರಟ ಮೇಲೆ ಆ ಮನೆ ನಿಜವಾಗಿ ಖಾಲಿಯಾಗುತ್ತದೆ. ಆ ವಾರ ಒಂದು ಸಂಜೆ ಹೋಗಿ, ಟೀ ನೀವೇ ಮಾಡಿ, ಕೂತು ಮಾತಾಡಿ. ಏಳುವ ಮುಂಚೆ ಮರಣ ನೋಂದಣಿ ಆಗಿದೆಯೇ ಎಂದು ಮೆಲ್ಲಗೆ ಕೇಳಿ. 21 ದಿನದೊಳಗಾದರೆ ಶುಲ್ಕವಿಲ್ಲ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ತರಬೇಕಾಗುತ್ತದೆ. ದುಃಖದಲ್ಲಿರುವವರಿಗೆ ಇದು ನೆನಪಿಗೇ ಬರುವುದಿಲ್ಲ. ಅರ್ಜಿ ನೀವೇ ತುಂಬಿಕೊಟ್ಟು ಬನ್ನಿ.