ನಮ್ಮೂರ ಗೋಮಾಳ ಬರಡಾಗಿದೆ. ಸಾವಿರ ಸಸಿ ನೆಟ್ಟರೆ ಸರಿ ಹೋಗುತ್ತಾ?

ಗೌರಿಬಿದನೂರು ಕಡೆಯ ಊರು, ಹುಡುಗರೆಲ್ಲ ಸೇರಿ ಜೂನ್‌ನಲ್ಲಿ ಸಸಿ ನೆಡಬೇಕು ಅಂತಿದ್ದೀವಿ ಎಂದು ಬರೆದಿದ್ದೀರಿ. ನಮ್ಮದು ಬಾಗೇಪಲ್ಲಿ ತಾಲ್ಲೂಕು. ಇದೇ ಕೆಲಸಕ್ಕೆ ಹೋಗಿ ಒಂದು ಸಲ ಕೈ ಸುಟ್ಟುಕೊಂಡವನು ನಾನು. ಸಸಿ ಆಮೇಲೆ ನೋಡೋಣ. ಮೊದಲು ಊರಿನ ಕುರಿ, ಮೇಕೆಯವರ ಜೊತೆ ಕೂತು ಮಾತಾಡಿ.

ನಮ್ಮ ದಿನ್ನೆಯಲ್ಲಿ ಒಂದು ಸಂಸ್ಥೆಯವರು ನೇರಳೆ, ಬೇವು, ಹಲಸು ನೆಡಿಸಿದ್ದರು. (ಕಲ್ಲು ದಿನ್ನೆಗೆ ಹಲಸು!) ಬ್ಯಾನರ್, ಫೋಟೊ, ಎಲ್ಲರಿಗೂ ಚಿತ್ರಾನ್ನ. ಸಂಕ್ರಾಂತಿ ಹೊತ್ತಿಗೆ ಉಳಿದದ್ದು ಗೂಟಗಳು ಮಾತ್ರ. ಮೇಕೆಯವರನ್ನು ಬೈದೆವು. ಅವರಲ್ಲೊಬ್ಬ ಅಜ್ಜ ಕೇಳಿದರು, "ಇರೋದೊಂದು ಗೋಮಾಳ. ಅದನ್ನೂ ಮುಚ್ಚಿದರೆ ಮೇಕೆಗಳನ್ನ ನಿಮ್ಮ ಹಿತ್ತಲಿಗೆ ಹೊಡೀಲಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ನಾಲ್ಕೈದು ಸಲ ಕೂತ ಮೇಲೆ ಒಂದು ಮಾತಿಗೆ ಬಂದೆವು. ಜಾಗ ಮೂರು ಪಾಲು. ಒಂದು ಸಲಕ್ಕೆ ಒಂದು ಪಾಲನ್ನು ಮಾತ್ರ ಎರಡು ಮಳೆಗಾಲ ಮುಚ್ಚುವುದು, ಆಮೇಲೆ ಮುಂದಿನ ಪಾಲು. ಅಲ್ಲಿ ಹುಲ್ಲು ಕೊಯ್ದು ಹೊತ್ತುಕೊಂಡು ಹೋಗಬಹುದು, ದನ ಕುರಿ ಬಿಡುವಂತಿಲ್ಲ. ಯಾವ ಪಾಲು ಎಂದು ಆರಿಸಿದ್ದು ಕುರಿಯವರೇ. ತಪ್ಪಿದರೆ ದಂಡ. ಮೊದಲ ದಂಡ ಬಿದ್ದದ್ದು ನಮ್ಮ ಚಿಕ್ಕಪ್ಪನಿಗೆ, ಅವರು ಗೊಣಗುತ್ತಲೇ ಕಟ್ಟಿದರು. ಊರು ಈ ಕಟ್ಟಳೆಯನ್ನು ನಂಬಿದ್ದು ಆಮೇಲೆಯೇ.

ಮುಚ್ಚಿದ ಪಾಲಿನಲ್ಲಿ ಮಳೆ ನೀರು ನಿಲ್ಲಲಿ ಅಂತ ಇಳಿಜಾರಿಗೆ ಅಡ್ಡವಾಗಿ ಟ್ರೆಂಚ್ (ಉದ್ದನೆಯ ಗುಂಡಿ) ಹೊಡೆಸಿದೆವು, ನರೇಗಾ ಕೂಲಿಯಲ್ಲಿ. ಗಾರೆ ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಟ್ಯೂಬ್ ಇರುತ್ತಲ್ಲ, ಅದನ್ನು ಹಿಡಿದು ಗೆರೆ ಹಾಕಿ. ಕಣ್ಣಳತೆ ನಂಬಬೇಡಿ. ಮಟ್ಟ ತಪ್ಪಿದರೆ ನೀರು ನಿಲ್ಲದೆ ಒಂದೇ ಮೂಲೆಗೆ ಹರಿದು ಬದು ಒಡೆಯುತ್ತದೆ. ನಮ್ಮಲ್ಲಿ ಎರಡು ಕಡೆ ಒಡೆಯಿತು. ತೆಗೆದ ಮಣ್ಣು ಕೆಳಗಿನ ಬದಿಗೆ ಬರಲಿ, ಅದರ ಮೇಲೆ ಬೀಜ ಹಾಕಿ. ಸೀತಾಫಲ, ಹೊಂಗೆ ಸುಲಭ. ಸೀತಾಫಲದ ಎಲೆಯನ್ನು ಮೇಕೆ ಮೂಸಿಯೂ ನೋಡುವುದಿಲ್ಲ. ಬೇವಿನ ಬೀಜವನ್ನು ಹಣ್ಣು ಉದುರಿದ ಕೆಲವೇ ವಾರಗಳಲ್ಲಿ ಹಾಕಬೇಕು, ಮುಂದಿನ ವರ್ಷಕ್ಕೆ ಅಂತ ಎತ್ತಿಟ್ಟರೆ ಮೊಳೆಯುವುದಿಲ್ಲ. ತಂಗಡಿ, ಬಂದರಿಯಂಥ ಕುರುಚಲು ಗಿಡಗಳನ್ನು ನಾವು ಹಾಕಲೇ ಇಲ್ಲ. ಎರಡನೇ ಮಳೆಗೆ ತಾವೇ ಬಂದವು. ಹುಲ್ಲಂತೂ ಮೊದಲ ವರ್ಷವೇ ಮೊಣಕಾಲುದ್ದ.

ನೀಲಗಿರಿ ಬುಡಗಳಿವೆ ಅಂದಿರಿ. ಕಡಿದರೆ ಸಾಲದು, ಮತ್ತೆ ಚಿಗುರುತ್ತದೆ. ಬೇರು ಸಮೇತ ಕೀಳಿಸಿ. 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಅವಿಭಜಿತ ಕೋಲಾರ ಜಿಲ್ಲೆಯ ತುಂಬ ನೆಟ್ಟಿದ್ದು ಇದನ್ನೇ. 2017ರಲ್ಲಿ ಸರ್ಕಾರವೇ ಇನ್ನು ಹೊಸದಾಗಿ ನೆಡಬೇಡಿ ಅಂದಿತು.

ಕಾಗದ ಪತ್ರದ ವಿಷಯ. ಪಹಣಿ ತೆಗೆಸಿ, ಸರ್ವೆ ಮಾಡಿಸಿ, ಗಡಿಕಲ್ಲು ಹಾಕಿಸಿ. ಪಹಣಿಯಲ್ಲಿ ಅರಣ್ಯ ಅಂತಿದ್ದರೆ ಇಲಾಖೆಯನ್ನು ಕೇಳದೆ ಗುದ್ದಲಿ ಹಾಕಬೇಡಿ. ಗೋಮಾಳವಾದರೆ, 100 ಜಾನುವಾರಿಗೆ 30 ಎಕರೆ ಇರಬೇಕು ಎನ್ನುವ ಲೆಕ್ಕ ಭೂಕಂದಾಯ ನಿಯಮದಲ್ಲೇ ಇದೆ. ಹಾಗಾಗಿ ಊರಿನ ದನ ಕುರಿ ಎಣಿಸಿ ಬರೆದಿಟ್ಟುಕೊಳ್ಳಿ. ನಾಳೆ ಯಾರಾದರೂ ಈ ಜಾಗವನ್ನು ತಮಗೆ ಮಂಜೂರು ಮಾಡಿ ಅಂತ ಅರ್ಜಿ ಹಾಕಿದರೆ ಈ ಪಟ್ಟಿ ಬೇಕಾಗುತ್ತದೆ. ಊರ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಎಲ್ಲ ರಾಜ್ಯಗಳಿಗೂ ಹೇಳಿದೆ. ಆದರೂ ನಮ್ಮ ಮೂರನೇ ಪಾಲು ಇನ್ನೂ ಮುಚ್ಚಲು ಆಗಿಲ್ಲ. ಅದರ ಅಂಚಿನಲ್ಲಿ ಟೊಮೆಟೊ ಬೆಳೆಯುತ್ತಿರುವವರು ನಮ್ಮ ನೆಂಟರೇ, ಏನು ಮಾಡೋದು!

ಸಸಿಗೆ ಅಂತ ಈಗಾಗಲೇ ದುಡ್ಡು ಎತ್ತಿದ್ದರೆ ಅದನ್ನು ಎರಡು ವರ್ಷದ ಕಾವಲುಗಾರನ ಸಂಬಳಕ್ಕೆ ಇಡಿ. ಗೋಮಾಳ ಎಷ್ಟು ಎಕರೆ, ಕುರಿ ಎಷ್ಟಿವೆ, ಹೊರಗಿನ ಮಂದೆ ಯಾವ ತಿಂಗಳು ಬರುತ್ತದೆ ಅನ್ನೋದನ್ನ ಕೆಳಗೆ ಬರೆಯಿರಿ, ಪಾಲು ಹೇಗೆ ಮಾಡಬಹುದು ಅಂತ ನೋಡೋಣ.